ಹೊಡೆದವನ ಕೈ ಏನಾಯಿತು? ಸಾಹಸ ನಿರ್ದೇಶಕರಿಗೊಂದು ಬಹಿರಂಗ ಪತ್ರ

ಕನ್ನಡ ಚಿತ್ರರಂಗದ ಎಲ್ಲ ಸಾಹಸ ನಿರ್ದೇಶಕರಿಗೆ, ಮತ್ತು "ಇಲ್ಲೊಂದು ಫೈಟ್ ಬೇಕು ಮಾಸ್ಟರ್" ಎಂದು ಅವರನ್ನು ಕರೆಸುವ ನಿರ್ದೇಶಕರಿಗೆ,

ಮಾನ್ಯರೇ,

ನಾನು ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು. ಈ ಕೆಲಸಕ್ಕೆ ಸೇರಿ 22 ವರ್ಷವಾಯಿತು. ಸಿನಿಮಾ ಹುಚ್ಚು ಅದಕ್ಕಿಂತ ಹಳೆಯದು. ಹಾಡು ಬಂದರೆ ಎದ್ದು ಕಾಫಿಗೆ ಹೋಗುತ್ತೇನೆ, ಫೈಟ್ ಬಂದರೆ ಸೀಟು ಬಿಡುವುದಿಲ್ಲ. ಹಾಗಾಗಿ ಹೊಡೆದಾಟ ಕಂಡರಾಗದವನು ಬರೆದ ಪತ್ರ ಇದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಫೈಟ್ ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಕೇಳುತ್ತಿರುವುದು ಬೇರೆ.

ಕಳೆದ ಗಣಪತಿ ಹಬ್ಬ ಮುಗಿದ ವಾರ ಹದಿನೆಂಟರ ಹುಡುಗನೊಬ್ಬ ಬಲಗೈಗೆ ಟವೆಲ್ ಸುತ್ತಿಕೊಂಡು ನನ್ನ ಕೋಣೆಗೆ ಬಂದ. ಕೈ ಬನ್ನಿನ ಹಾಗೆ ಊದಿತ್ತು. ಏನಾಯ್ತಪ್ಪ ಎಂದರೆ "ಬಾತ್‌ರೂಮಿನಲ್ಲಿ ಜಾರಿ ಬಿದ್ದೆ" ಎಂದ. ಜಾರಿ ಬೀಳುವವರು ಅಂಗೈ ಊರುತ್ತಾರೆ, ಅವರಿಗೆ ಹೆಚ್ಚಾಗಿ ಮಣಿಕಟ್ಟು ಮುರಿಯುತ್ತದೆ. ಇವನಿಗೆ ಮುರಿದಿದ್ದು ಕಿರುಬೆರಳಿನ ಬುಡದಲ್ಲಿ, ಅಂಗೈಯೊಳಗಿನ ಐದನೇ ಮೂಳೆಯ ಕತ್ತಿನ ಹತ್ತಿರ. ಇಷ್ಟು ವರ್ಷ ಈ ಕೆಲಸ ಮಾಡಿದವನಿಗೆ ಅದು ಗುದ್ದಿ ಮಾಡಿಕೊಂಡದ್ದು ಎಂದು ನೋಡಿದ ಕೂಡಲೇ ತಿಳಿಯುತ್ತದೆ. ನಾನೇನೂ ಅನ್ನಲಿಲ್ಲ, ಸುಮ್ನೆ ಅವನ ಮುಖ ನೋಡಿದೆ. ಸ್ವಲ್ಪ ಹೊತ್ತಿಗೆ ತಾನೇ ಬಾಯಿ ಬಿಟ್ಟ. ಮೆರವಣಿಗೆಯಲ್ಲಿ ಜಗಳವಾಗಿತ್ತಂತೆ. ಹೊಡೆದದ್ದು ಒಂದೇ ಏಟಂತೆ. ಆಮೇಲೆ ಅವನು ಕೇಳಿದ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ.

"ಸಾರ್, ಸಿನಿಮಾದಲ್ಲಿ ಅಷ್ಟೊಂದು ಜನಕ್ಕೆ ಹೊಡೀತಾರೆ. ನಂಗೆ ಒಂದೇ ಏಟಿಗೆ ಹಿಂಗಾಗೋಯ್ತಲ್ಲ. ನನ್ನ ಮೂಳೇಲಿ ಕ್ಯಾಲ್ಸಿಯಂ ಕಮ್ಮಿನಾ?"

ಅವನ ಮೂಳೆಗೆ ಏನೂ ಆಗಿರಲಿಲ್ಲ. ಅಂದರೆ, ಮುರಿದಿತ್ತು, ಆದರೆ ಗಟ್ಟಿಮುಟ್ಟಾದ ಮೂಳೆಯೇ ಮುರಿದಿತ್ತು. ತಪ್ಪು ಅವನ ತಲೆಯಲ್ಲಿದ್ದ ಲೆಕ್ಕದ್ದು. ಮುಷ್ಟಿ ಎಂದರೆ ಸುತ್ತಿಗೆ ಎಂದು ಅವನು ನಂಬಿದ್ದ. ಹಾಗೆ ಅವನಿಗೆ ಹೇಳಿಕೊಟ್ಟವರು ಯಾರು? ಕೋಪ ಮಾಡಿಕೊಳ್ಳಬೇಡಿ. ಅವನು ಚಿಕ್ಕಂದಿನಿಂದ ನೋಡಿದ ಗುದ್ದುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ನಿಮ್ಮವೇ ಇರಬೇಕು.

ಒಂದು ಕೈಯಲ್ಲಿ 27 ಮೂಳೆಗಳಿವೆ. ಬಹಳಷ್ಟು ಪೆನ್ಸಿಲ್‌ಗಿಂತ ದಪ್ಪವಿಲ್ಲ. ತಲೆಬುರುಡೆ ಹಾಗಲ್ಲ, ಮಿದುಳು ಕಾಯುವುದಕ್ಕೆಂದೇ ಗಟ್ಟಿಯಾಗಿ ಬೆಳೆದ ಚಿಪ್ಪು ಅದು. ಇವೆರಡು ಡಿಕ್ಕಿಯಾದರೆ ಸೋಲುವುದು ಯಾವುದು ಎಂದು ಊಹಿಸಲು ಎಕ್ಸ್‌ರೇ ಬೇಕಿಲ್ಲ. ಈ ಮುರಿತಕ್ಕೆ ಡಾಕ್ಟರುಗಳು ಬಾಕ್ಸರ್ಸ್ ಫ್ರ್ಯಾಕ್ಚರ್ ಎನ್ನುತ್ತಾರೆ. ಹೆಸರು ಬಾಕ್ಸರ್‌ದು, ಬರುವವರು ಮಾತ್ರ ಬಾಕ್ಸರ್‌ಗಳಲ್ಲ. ಕಲಿತವರು ತೋರುಬೆರಳು, ನಡುಬೆರಳಿನ ಗೆಣ್ಣು ತಾಗುವಂತೆ ಹೊಡೆಯುತ್ತಾರೆ, ಅದಕ್ಕೂ ಮೊದಲು ಕೈಗೆ ಪಟ್ಟಿ ಸುತ್ತಿ, ಮೇಲೆ ಗ್ಲೌಸ್ ಹಾಕಿರುತ್ತಾರೆ. ಗ್ಲೌಸ್ ಇರುವುದು ಎದುರಾಳಿಯ ಮುಖಕ್ಕೆ ನೋವಾಗದಿರಲಿ ಎಂದು ಬಹಳ ಜನ ತಿಳಿದಿದ್ದಾರೆ. ಅದು ಹೊಡೆಯುವವನ ಕೈಯನ್ನೂ ಕಾಯುತ್ತದೆ. ಇನ್ನು ಬರಿಗೈಯಲ್ಲಿ ಬಾಯಿಗೆ ಗುದ್ದಿದರೆ ಎದುರಿನವನ ಹಲ್ಲು ಗೆಣ್ಣಿನ ಚರ್ಮ ಸೀಳಿ ಕೀಲಿನ ತನಕ ಹೋಗುವುದುಂಟು. ನೋಡಲು ಸಣ್ಣ ಗಾಯ, ಆದರೆ ಬಾಯಿಯ ಕೀಟಾಣು ಒಳಗೆ ಸೇರಿ ಎರಡು ದಿನದಲ್ಲಿ ಕೀವಾಗುತ್ತದೆ. ಆಪರೇಷನ್ ಥಿಯೇಟರಿನಲ್ಲಿ ಕೀಲು ಬಿಡಿಸಿ ತೊಳೆಯಬೇಕಾಗುತ್ತದೆ. ನಿಮ್ಮ ನಾಯಕ ಒಂದು ಸಿನಿಮಾದಲ್ಲಿ ಎಷ್ಟು ಹಲ್ಲು ಉದುರಿಸುತ್ತಾನೆ ಎಂದು ಎಣಿಸಿ ನೋಡಿ. ಮುಂದಿನ ದೃಶ್ಯದಲ್ಲಿ ಅದೇ ಕೈಯಲ್ಲಿ ನಾಯಕಿಗೆ ಮಲ್ಲಿಗೆ ಮುಡಿಸುತ್ತಾನೆ!

ನನ್ನ ದೂರು ಇಷ್ಟೇ. ನಿಮ್ಮ ಫೈಟುಗಳಲ್ಲಿ ಏಟು ತಿಂದವನಿಗೆ ಏನಾಯಿತು ಎಂದು ಬೇಕಾದ್ದಕ್ಕಿಂತ ಜಾಸ್ತಿ ತೋರಿಸುತ್ತೀರಿ. ಹೊಡೆದವನ ಕೈ ಏನಾಯಿತು ಎಂದು ತೋರಿಸುವುದೇ ಇಲ್ಲ.

ನನ್ನ ಮಗಳು ಒಂಬತ್ತನೇ ಕ್ಲಾಸು. ಒಂದು ಭಾನುವಾರ ಟಿವಿಯಲ್ಲಿ ನಾಯಕ ಒಂದು ಗುದ್ದು ಕೊಟ್ಟ, ಖಳ ಇಪ್ಪತ್ತು ಅಡಿ ಹಾರಿ ತರಕಾರಿ ಗಾಡಿಯ ಮೇಲೆ ಬಿದ್ದ. (ತರಕಾರಿ ಗಾಡಿಯೇ ಯಾಕೆ ಎಂಬುದು ಬೇರೆಯೇ ಪತ್ರದ ವಿಷಯ.) ಅವಳಿಗೆ ಆಗಷ್ಟೇ ನ್ಯೂಟನ್ ನಿಯಮಗಳ ಪಾಠ ಆಗಿತ್ತು. ಇಬ್ಬರೂ ಕುಳಿತು ಲೆಕ್ಕ ಮಾಡಿದೆವು. ಮುಷ್ಟಿ ಮತ್ತು ತೋಳು ಸೇರಿ 4 ಕಿಲೋ ಎಂದುಕೊಳ್ಳೋಣ, ವೇಗ ಸೆಕೆಂಡಿಗೆ 10 ಮೀಟರ್. ಪಳಗಿದವನ ಗುದ್ದೇ ಆಯಿತು. ಆ ರಭಸವೆಲ್ಲ 80 ಕಿಲೋ ತೂಕದವನಿಗೆ ದಾಟಿದರೂ ಅವನು ಹಿಂದಕ್ಕೆ ಹೋಗುವುದು ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ. ಅಂದರೆ ಎರಡು ಹೆಜ್ಜೆ ತಡವರಿಸಬಹುದು. ಇಪ್ಪತ್ತು ಅಡಿ ಹಾರಬೇಕಾದರೆ ಅವನು ಗಂಟೆಗೆ ಸುಮಾರು 28 ಕಿಲೋಮೀಟರ್ ವೇಗದಲ್ಲಿ ಹೊರಡಬೇಕು. ಅಷ್ಟು ಆಗಬೇಕಾದರೆ ಗುದ್ದಬೇಕಾದದ್ದು ನಾಯಕನಲ್ಲ, ಸಿಟಿ ಬಸ್ಸು. ಲೆಕ್ಕ ಮುಗಿಸಿ ಮಗಳು ಕೇಳಿದಳು, "ಮೂರನೇ ನಿಯಮದ ಪ್ರಕಾರ ಹೀರೋನೂ ಹಿಂದಕ್ಕೆ ಹಾರ್ಬೇಕಲ್ವಾ ಅಪ್ಪಾ?" ಹಾರಬೇಕು ಕಣಮ್ಮ. ಅವನ ಹಿಂದೆಯೂ ಒಂದು ತರಕಾರಿ ಗಾಡಿ ನಿಲ್ಲಿಸಿರಬೇಕು.

ಸಿನಿಮಾ ಅಂದಮೇಲೆ ಇದೆಲ್ಲ ಇರುತ್ತೆ, ಸುಮ್ನೆ ನೋಡಿ ಖುಷಿಪಡಿ ಎಂದು ನೀವು ಹೇಳಬಹುದು. ಆ ಮಾತಿನಲ್ಲಿ ನ್ಯಾಯವಿದೆ. ಯಕ್ಷಗಾನದಲ್ಲಿ ಭೀಮ ದುಶ್ಯಾಸನರ ಯುದ್ಧ ನೋಡುವಾಗ ನಾನು ನ್ಯೂಟನ್‌ನನ್ನು ನೆನೆಯುವುದಿಲ್ಲ. ಅಲ್ಲಿ ಚೆಂಡೆ ಬಾರಿಸುತ್ತದೆ, ಇಬ್ಬರೂ ಕುಣಿಯುತ್ತಾರೆ, ಗದೆ ಮರದ್ದು ಎಂದು ಎದುರಿಗೆ ಕುಳಿತ ಮಗುವಿಗೂ ಗೊತ್ತು. ಅದು ಯುದ್ಧವನ್ನು ಕುಣಿತವಾಗಿ ಹೇಳುತ್ತೇನೆ ಎಂದು ಮೊದಲೇ ಒಪ್ಪಂದ ಮಾಡಿಕೊಂಡ ಕಲೆ. ನಿಮ್ಮಲ್ಲೂ ಕೆಲವರು ಹಾಗೆ ಮಾಡುತ್ತೀರಿ. ಚಿತ್ರದ ಲೋಕವೇ ಪುರಾಣದ ಹಾಗಿದ್ದರೆ, ನಾಯಕ ಬೆಟ್ಟ ಎತ್ತಿದರೂ ನಾನು ಶಿಳ್ಳೆ ಹೊಡೆಯುತ್ತೇನೆ. ಆದರೆ ಇನ್ನೊಂದು ಬಗೆಯ ಚಿತ್ರವಿದೆ. ಅಲ್ಲಿ ಬೀದಿ ನಿಜದ್ದು, ಬೈಗುಳ ನಿಜದ್ದು, ಲಾಂಗು ಮಚ್ಚು ನಿಜದ ಹಾಗೇ ಇರುತ್ತದೆ, ರಕ್ತವಂತೂ ಬಕೆಟ್ಟುಗಟ್ಟಲೆ. ಪೋಸ್ಟರಿನಲ್ಲಿ "ನೈಜ" ಎಂದು ಬರೆದಿರುತ್ತದೆ. ಎಲ್ಲವೂ ನಿಜದ ಹಾಗಿದ್ದು ಮನುಷ್ಯನ ಮೈ ಮಾತ್ರ ರಬ್ಬರಿನದಾದರೆ ಅದನ್ನು ಕುಣಿತ ಎನ್ನಲಾಗದು. ಆ ಹುಡುಗ ನಂಬಿದ್ದು ಇಂಥ ಚಿತ್ರಗಳನ್ನೇ ಇರಬೇಕು.

ನಿಜವಾದ ಹೊಡೆದಾಟ ಹೇಗಿರುತ್ತದೆ ಎಂದು ನೋಡಬೇಕಾದರೆ ದೂರ ಹೋಗಬೇಕಿಲ್ಲ. ವಿಜಯದಶಮಿಯ ಬೆಳಿಗ್ಗೆ ಮೈಸೂರು ಅರಮನೆಯಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ಪರಿಚಯದವರೊಬ್ಬರ ದಯೆಯಿಂದ ಒಂದು ವರ್ಷ ಒಳಗೆ ನಿಂತು ನೋಡಿದ್ದೆ. ತಲೆ ಬೋಳಿಸಿದ ಜೆಟ್ಟಿಗಳು, ಕೈಯಲ್ಲಿ ಮೊನೆಗಳಿರುವ ಮುಷ್ಟಿಯಾಯುಧ. ಎದುರಾಳಿಯ ತಲೆಯಿಂದ ರಕ್ತ ಚಿಮ್ಮಿದ ಕೂಡಲೇ ಉಸ್ತಾದರು ಬಂದು ಬಿಡಿಸುತ್ತಾರೆ. ನಾನು ನೋಡಿದ ಜೋಡಿಯದು ಒಂದು ನಿಮಿಷವೂ ಹಿಡಿಯಲಿಲ್ಲ. ಆದರೆ ಆ ಒಂದು ನಿಮಿಷ ಯಾರೂ ಉಸಿರು ಬಿಡಲಿಲ್ಲ. ಅದರಲ್ಲಿ ಬಹುಪಾಲು ಇಬ್ಬರೂ ಏನೂ ಮಾಡದೆ ಒಬ್ಬರನ್ನೊಬ್ಬರು ನೋಡುತ್ತಾ ಸುತ್ತಿದ್ದರು. ಹೊಡೆಯುವ ಮೊದಲಿನ ಆ ಹೆದರಿಕೆ, ಆ ಕಾಯುವಿಕೆ ನಿಮ್ಮ ಆರು ನಿಮಿಷದ ಕ್ಲೈಮ್ಯಾಕ್ಸ್ ಫೈಟಿನಲ್ಲಿ ನನಗೆ ಸಿಗುವುದಿಲ್ಲ.

ದೊಡ್ಡಕೆರೆ ಮೈದಾನದ ದಸರಾ ಕುಸ್ತಿಯೂ ಹಾಗೇ. ನಾನು ಹುಡುಗನಾಗಿದ್ದಾಗ ನಮ್ಮ ಬೀದಿಯ ಗರಡಿಯಲ್ಲಿ ಮೂರು ವರ್ಷ ಮಣ್ಣು ಮೆತ್ತಿಕೊಂಡವನು. ಪೈಲ್ವಾನನಾಗಲಿಲ್ಲ, ಉಸ್ತಾದರಿಗೆ ಎರಡನೇ ತಿಂಗಳಲ್ಲೇ ಅದು ಗೊತ್ತಾಗಿತ್ತು. ಆದರೆ ಒಂದು ಕಲಿತೆ. ಹಿಡಿತ ಸಿಕ್ಕಮೇಲೆ ಮೊದಲು ಕೈಕೊಡುವುದು ಉಸಿರು. ಎರಡು ನಿಮಿಷಕ್ಕೆ ತೋಳು ಸೀಸವಾಗುತ್ತದೆ, ಬಾಯಿ ಒಣಗುತ್ತದೆ, ಕಿವಿಯಲ್ಲಿ ಗುಂಯ್ ಎನ್ನುತ್ತದೆ. ಒಲಿಂಪಿಕ್ಸ್ ಬಾಕ್ಸಿಂಗ್ ನೋಡಿ. ಮೂರು ನಿಮಿಷದ ಮೂರು ಸುತ್ತು, ನಡುವೆ ಒಂದು ನಿಮಿಷ ಕುಳಿತು ನೀರು ಮುಕ್ಕಳಿಸಲು ಬಿಡುವು. ವರ್ಷಗಟ್ಟಲೆ ಓಡಿ ಮೈ ಹುರಿ ಮಾಡಿಕೊಂಡವರೂ ಕೊನೆಯ ಸುತ್ತಿನಲ್ಲಿ ಒಬ್ಬರ ಮೇಲೊಬ್ಬರು ಒರಗುತ್ತಾರೆ. ನಮ್ಮ ನಾಯಕ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ. ಮೂವತ್ತು ಜನರನ್ನು ಮುಗಿಸಿ, ಉಸಿರು ಕೂಡ ಎಳೆಯದೆ ಒಂದೂವರೆ ಪುಟದ ಡೈಲಾಗ್ ಹೇಳುತ್ತಾನೆ.

ಆ ಮೂವತ್ತು ಜನರ ವಿಷಯವೂ ಬಂತು ನೋಡಿ. ಒಬ್ಬ ಹೊಡೆಸಿಕೊಳ್ಳುವಾಗ ಉಳಿದವರು ಸುತ್ತ ನಿಂತು ತೂಗಾಡುತ್ತಿರುತ್ತಾರೆ. ರೇಷನ್ ಅಂಗಡಿಯಲ್ಲೂ ಅಷ್ಟು ಶಿಸ್ತಿನ ಸಾಲು ನಾನು ಕಂಡಿಲ್ಲ. ಇಬ್ಬರು ಒಟ್ಟಿಗೆ ಕಾಲು ಹಿಡಿದರೆ ಎಂಥ ಜಗಜಟ್ಟಿಯೂ ನೆಲಕ್ಕೆ ಬೀಳುತ್ತಾನೆ. ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಿಮ್ಮಲ್ಲಿ ಬಹಳ ಜನ ಫೈಟರ್ ಆಗಿ, ಡೂಪ್ ಆಗಿ ಏಟು ತಿಂದೇ ಮೇಲೆ ಬಂದವರು. ಟೈಗರ್ ಪ್ರಭಾಕರ್ ಅವರೂ ಹಾಗೇ ಬಂದು ನಾಯಕರಾದದ್ದು, ಅಲ್ವಾ? ಗೊತ್ತಿದ್ದೂ ಹೀಗೆ ಮಾಡುತ್ತೀರಲ್ಲ ಎಂಬುದೇ ನನ್ನ ಬೇಸರ.

ಇಷ್ಟು ಹೊತ್ತು ತಮಾಷೆಯಾಗಿ ಬರೆದೆ. ತಲೆಗೆ ಬೀಳುವ ಏಟಿನ ಬಗ್ಗೆ ತಮಾಷೆ ಮಾಡಲು ಮನಸ್ಸಿಲ್ಲ. ನಿಮ್ಮ ಸೆಟ್ಟಿನಲ್ಲಿ ತಲೆಯ ಮೇಲೆ ಒಡೆಯುವ ಬಾಟಲಿ ಗಾಜಿನದಲ್ಲ, ಮುಟ್ಟಿದರೆ ಪುಡಿಯಾಗುವಂತೆ ಮಾಡಿದ ನಕಲಿ. ಹಿಂದೆಲ್ಲ ಸಕ್ಕರೆ ಪಾಕದಿಂದಲೇ ಮಾಡುತ್ತಿದ್ದರು. ನಿಜದ ಬಿಯರ್ ಬಾಟಲಿ ಹಾಗೆ ಹೂವಿನಂತೆ ಉದುರುವುದಿಲ್ಲ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ವಿಧಿವಿಜ್ಞಾನ ತಜ್ಞರು ತುಂಬಿದ ಬಾಟಲಿ, ಖಾಲಿ ಬಾಟಲಿ ಎರಡನ್ನೂ ಪರೀಕ್ಷೆ ಮಾಡಿದ್ದರು. ಬಾಟಲಿ ಒಡೆಯುವ ಮೊದಲು ಬುರುಡೆ ಒಡೆಯುವಷ್ಟು ಬಲ ಎರಡಕ್ಕೂ ಇದೆ ಎಂದು ಗೊತ್ತಾಯಿತು. ಅದಕ್ಕೆ 2009ರಲ್ಲಿ ಇಗ್ ನೊಬೆಲ್ ಎಂಬ ತಮಾಷೆಯ ಪ್ರಶಸ್ತಿಯೂ ಬಂತು, ಅದೂ ಶಾಂತಿ ವಿಭಾಗದಲ್ಲಿ.

ಇನ್ನು "ಪ್ರಜ್ಞೆ ತಪ್ಪಿಸುವುದು". ನಾಯಕ ಕಾವಲುಗಾರನ ತಲೆಗೆ ಹಿಂದಿನಿಂದ ರಾಡಿನಲ್ಲಿ ಒಂದು ಕೊಡುತ್ತಾನೆ, ಕಾವಲುಗಾರ ಗೋಣಿಚೀಲದ ಹಾಗೆ ಮಲಗುತ್ತಾನೆ, ಚಿತ್ರ ಮುಂದಕ್ಕೆ ಹೋಗುತ್ತದೆ. ಪಾಪ, ಕೊಲ್ಲಲಿಲ್ಲ, ನಾಯಕ ಒಳ್ಳೆಯವನು ಎಂದು ನಾವು ತಿಳಿಯಬೇಕು. ನಮ್ಮಲ್ಲಿಗೆ ಹಾಗೆ ಬಂದವನನ್ನು ಯಾರೂ "ನಿದ್ದೆ ಮಾಡಿ ಏಳಲಿ" ಎಂದು ಬಿಡುವುದಿಲ್ಲ. ಕೂಡಲೇ ಸಿ.ಟಿ. ಸ್ಕ್ಯಾನಿಗೆ ಓಡಿಸುತ್ತಾರೆ. ಏಟು ಬಿದ್ದವನು ಎದ್ದು, ನಡೆದು, ಮಾತಾಡಿ, ಕೆಲವು ಗಂಟೆಗಳ ಮೇಲೆ ಒಳಗೆ ರಕ್ತ ಸೋರಿ ಕುಸಿಯುವುದುಂಟು. "ಏನೂ ಆಗಿಲ್ಲ, ಮನೆಗೆ ಬಂದು ಅನ್ನ ಸಾರು ಉಂಡು ಮಲಗಿದ" ಎಂದು ಬೆಳಿಗ್ಗೆ ಅಳುತ್ತಾ ಹೇಳುವ ತಾಯಂದಿರನ್ನು ನಾನು ನೋಡಿದ್ದೇನೆ. ಹೊಡೆದವನೂ ಸಾಮಾನ್ಯವಾಗಿ ಕೊಲ್ಲಬೇಕೆಂದು ಹೊಡೆದಿರುವುದಿಲ್ಲ. ಸುಮ್ನೆ ಬೀಳಿಸಬೇಕು ಅಂದುಕೊಂಡಿದ್ದೆ ಎನ್ನುತ್ತಾನೆ.

ನೀವು ಮಾಡಲಾಗದವರಾಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಸಾಹಸ ನಿರ್ದೇಶನಕ್ಕೆ ರಾಷ್ಟ್ರ ಪ್ರಶಸ್ತಿ ಕೊಡಲು ಶುರುವಾದದ್ದು 2017ರ ಚಿತ್ರಗಳಿಂದ. ಅದರ ಮರುವರ್ಷವೇ 'ಕೆ.ಜಿ.ಎಫ್: ಚಾಪ್ಟರ್ 1'ಕ್ಕೆ ಬಂತು. ಅದಕ್ಕೆ ಮುಂದಿನ ವರ್ಷ 'ಅವನೇ ಶ್ರೀಮನ್ನಾರಾಯಣ'ಕ್ಕೆ. 70ನೇ ಪ್ರಶಸ್ತಿಗಳಲ್ಲಿ 'ಕೆ.ಜಿ.ಎಫ್: ಚಾಪ್ಟರ್ 2'ಕ್ಕೆ. ಇಷ್ಟು ಕಡಿಮೆ ವರ್ಷಗಳಲ್ಲಿ ಮೂರು ಸಲ ಕನ್ನಡಕ್ಕೆ! ಆಸ್ಕರ್‌ನವರು ಸಾಹಸ ವಿನ್ಯಾಸಕ್ಕೊಂದು ಪ್ರಶಸ್ತಿ ಕೊಡುತ್ತೇವೆ ಎಂದು ಹೇಳಿದ್ದೇ 2025ರಲ್ಲಿ, ಕೊಡುವುದು 2028ರಲ್ಲಿ. ಆದರೆ ನಮ್ಮ ರಾಷ್ಟ್ರ ಪ್ರಶಸ್ತಿಯ ಪಟ್ಟಿಯ ನಡುವೆ ಇನ್ನೊಂದು ಹೆಸರಿದೆ. 68ನೇ ಪ್ರಶಸ್ತಿಗಳಲ್ಲಿ ಅದು ಮಲಯಾಳಂನ 'ಅಯ್ಯಪ್ಪನುಂ ಕೋಶಿಯುಂ' ಚಿತ್ರಕ್ಕೆ ಹೋಯಿತು. ಅದರ ಕೊನೆಯಲ್ಲಿ ಇಬ್ಬರು ಗಂಡಸರು ಬರಿಗೈಯಲ್ಲಿ ಕಚ್ಚಾಡುತ್ತಾರೆ, ಅಷ್ಟೇ. ಯಾರೂ ಹಾರುವುದಿಲ್ಲ. ನೋಡುವಾಗ ನನ್ನ ಕುತ್ತಿಗೆ ನೋಯುತ್ತಿತ್ತು. ಅಂಥದ್ದಕ್ಕೂ ಶಿಳ್ಳೆ ಬೀಳುತ್ತದೆ, ಪ್ರಶಸ್ತಿಯೂ ಬರುತ್ತದೆ ಎಂದಾಯಿತಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ನಿಜದ ಹಾಗಿರಲಿ ಎಂದರೆ ನಿಜವಾಗಿ ಅಪಾಯಕ್ಕೆ ಇಳಿಯಿರಿ ಎಂದಲ್ಲ. 2016ರ ನವೆಂಬರ್ 7ನ್ನು ನೀವ್ಯಾರೂ ಮರೆತಿರಲಾರಿರಿ. ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹೆಲಿಕಾಪ್ಟರಿನಿಂದ ಹಾರಿದ ಇಬ್ಬರು ನಟರು ಮೇಲೆ ಬರಲೇ ಇಲ್ಲ. ಆ ದೃಶ್ಯ ಟಿವಿಯಲ್ಲಿ ಮತ್ತೆ ಮತ್ತೆ ಬಂತು, ನಮ್ಮ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಎಲ್ಲರೂ ನಿಂತು ನೋಡಿದೆವು. 2021ರ ಆಗಸ್ಟ್‌ನಲ್ಲಿ ಬಿಡದಿ ಹತ್ತಿರ ಸಾಹಸ ದೃಶ್ಯ ತೆಗೆಯುವಾಗ ವಿದ್ಯುತ್ ತಗುಲಿ ಒಬ್ಬ ಫೈಟರ್ ಸತ್ತರು. 2025ರ ಜುಲೈನಲ್ಲಿ ತಮಿಳುನಾಡಿನ ನಾಗಪಟ್ಟಣಂ ಕಡೆ ಕಾರು ಉರುಳಿಸುವ ದೃಶ್ಯದಲ್ಲಿ ಇನ್ನೊಬ್ಬರು. ನನಗೆ ಬೇಕಾದ ನಿಜಕ್ಕೆ ಹೆಲಿಕಾಪ್ಟರ್ ಬೇಡ, ಕ್ರೇನ್ ಬೇಡ. ಪಂಚ್ ಮುಖದಿಂದ ನಾಲ್ಕು ಇಂಚು ಆಚೆಯೇ ಹೋಗಲಿ, ಕ್ಯಾಮೆರಾ ಕೋನ ಅದನ್ನು ಮುಚ್ಚಲಿ, ಟೈಮಿಂಗ್ ಸರಿಯಾಗಿರಲಿ. ಅದು ನಿಮ್ಮ ವಿದ್ಯೆ. ಹೊಡೆದ ಮೇಲೆ ನಾಯಕ ಕೈ ಒದರಿಕೊಂಡು ಹಲ್ಲು ಕಚ್ಚುವುದಕ್ಕೆ ಎಷ್ಟು ಖರ್ಚು? ರೋಪ್ ಬೇಡ, ಗ್ರಾಫಿಕ್ಸ್ ಬೇಡ, ಆಂಬುಲೆನ್ಸ್ ಕೂಡ ಬೇಡ. (ಆಂಬುಲೆನ್ಸ್ ಇರಲೇಬೇಕು. ಫೈಟ್ ಎಂಥದೇ ಇರಲಿ.)

ಆದ್ದರಿಂದ ಕೇಳಿಕೊಳ್ಳುತ್ತೇನೆ. ನಿಮ್ಮ ಮುಂದಿನ ಚಿತ್ರದಲ್ಲಿ ಒಂದೇ ಒಂದು ಫೈಟು, ಎಲ್ಲ ಫೈಟೂ ಅಲ್ಲ, ಸುಸ್ತಾಗುವ ಮನುಷ್ಯರದ್ದಾಗಿರಲಿ. ಮೂವತ್ತರ ಬದಲು ಮೂರು ಜನ ಬರಲಿ, ಆದರೆ ಒಟ್ಟಿಗೆ ಬರಲಿ. ನಾಯಕ ಹೆದರಲಿ. ಅವನು ಹೆದರಿದರೆ ಅಭಿಮಾನಿಗಳು ಬಿಟ್ಟುಹೋಗುತ್ತಾರೆ ಎಂದು ನಿರ್ಮಾಪಕರು ಹೇಳಿದರೆ ನನ್ನನ್ನು ಕರೆಯಿರಿ, ನಾನೂ ಅಭಿಮಾನಿಯೇ, ನಾನು ಬಂದು ಮಾತಾಡುತ್ತೇನೆ. ಢಿಶುಂ ಶಬ್ದವನ್ನು ಆ ಒಂದು ಸಲ ತೆಗೆದುಬಿಡಿ. ಮಾಂಸದ ಮೇಲೆ ಮುಷ್ಟಿ ಬಿದ್ದರೆ ಒದ್ದೆ ಬಟ್ಟೆ ಕಲ್ಲಿಗೆ ಬಡಿದ ಹಾಗೆ ಒಂದು ಸಣ್ಣ, ಮಂಕಾದ ಸದ್ದು ಬರುತ್ತದೆ. ಥಿಯೇಟರಿನಲ್ಲಿ ಅದು ಕೇಳಿದರೆ ಜನ ಹೇಗೆ ಮುಲುಗುತ್ತಾರೆ ನೋಡಿ. ತಲೆಗೆ ಹೊಡೆಸಿಕೊಂಡ ಕಾವಲುಗಾರನನ್ನು ಮುಂದಿನ ದೃಶ್ಯದಲ್ಲಿ ಯಾರಾದರೂ ಎತ್ತಿಕೊಂಡು ಹೋಗುವುದನ್ನು ಒಂದು ಕ್ಷಣ ತೋರಿಸಿ. ಅವನಿಗೂ ಒಂದು ಹೆಸರಿರಲಿ. ಅವನ ಪಾತ್ರ ಮಾಡಿದ ಫೈಟರ್ ಹೆಸರೂ ಕೊನೆಯ ಪಟ್ಟಿಯಲ್ಲಿ ಓದುವಷ್ಟು ನಿಧಾನವಾಗಿ ಹೋಗಲಿ.

ಮತ್ತೆ ಆ ಕೈ. ಮುಖಕ್ಕೆ ಗುದ್ದಿದ ನಾಯಕನ ಕೈ ಊದಲಿ. ಮರುದಿನ ಬೆಳಿಗ್ಗೆ ಅವನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದಿರಲಿ, ತಾಯಿ ಹಾಕಿಕೊಡಲಿ. ತಾಯಿ ಸೆಂಟಿಮೆಂಟ್ ನಿಮಗೆ ಹೇಗೂ ಬೇಕಲ್ವಾ? ಪುಕ್ಕಟೆಯಾಗಿ ಸಿಕ್ಕಿತು.

ಆ ಹುಡುಗ ನಾಲ್ಕು ವಾರದ ಮೇಲೆ ಮತ್ತೆ ಬಂದಿದ್ದ. ಪ್ಲಾಸ್ಟರ್ ಬಿಚ್ಚಿ ಇನ್ನೊಂದು ಎಕ್ಸ್‌ರೇ ತೆಗೆದೆ. ಮೂಳೆ ಕೂಡಿತ್ತು, ಸ್ವಲ್ಪ ಬಾಗಿ. ಮುಷ್ಟಿ ಕಟ್ಟು ಎಂದೆ. ಮೂರು ಗೆಣ್ಣು ಎದ್ದು ಕಂಡವು, ಕಿರುಬೆರಳಿನದು ಒಳಗೆ ಹೋಗಿತ್ತು. ಅದು ಇನ್ನು ಹಾಗೇ ಇರುತ್ತದೆ, ಕೆಲಸಕ್ಕೇನೂ ತೊಂದರೆಯಿಲ್ಲ ಎಂದು ಡಾಕ್ಟರು ಹೇಳಿದ್ದಾರಂತೆ. ಹೋಗುವ ಮೊದಲು ಅವನು ಮುಂದಿನ ಶುಕ್ರವಾರ ಬಿಡುಗಡೆಯಾಗುವ ಚಿತ್ರದ ಸುದ್ದಿ ತೆಗೆದ, ಟ್ರೇಲರ್‌ನಲ್ಲಿ ಫೈಟು ಬೆಂಕಿ ಇದೆ ಎಂದ. ನಾನೂ ನೋಡಿದ್ದೆ, ಬೆಂಕಿಯೇ. ಇಬ್ಬರೂ ಮೊದಲ ದಿನವೇ ಹೋಗುವವರು.

ಬರುತ್ತೇವೆ. ನಿಮ್ಮ ನಾಯಕ ಮೊದಲ ಗುದ್ದು ಕೊಟ್ಟಾಗ ಇಡೀ ಥಿಯೇಟರ್ ಹಾರಿಹೋದವನನ್ನು ನೋಡುತ್ತಿರುತ್ತದೆ. ನಾವಿಬ್ಬರು ಮಾತ್ರ ನಾಯಕನ ಬಲಗೈಯ ಕಿರುಬೆರಳನ್ನು ನೋಡುತ್ತಿರುತ್ತೇವೆ.

ಇಂತಿ,
ನಿಮ್ಮ ಹಳೆಯ ಪ್ರೇಕ್ಷಕ,
ಒಬ್ಬ ಎಕ್ಸ್‌ರೇ ತಂತ್ರಜ್ಞ, ಮೈಸೂರು